ಜಿಂಕೆಯ ಕಿವಿಯಲ್ಲಿದ್ದ ಕೀಲಿ

ಪೆನ್ಸಿಲ್ವೇನಿಯಾದ ಗುಡ್ಡದ ಊರುಗಳಲ್ಲಿ ಬಂದೂಕಿಲ್ಲದ ಮನೆ ಅಪರೂಪ. ಬಂದೂಕಿಡುವ ಬೀರುವಿಗೆ ಬೀಗವನ್ನೇನೋ ಹಾಕುತ್ತಾರೆ, ಕೀಲಿಯನ್ನು ಮಾತ್ರ ಮನೆಮಂದಿಗೆಲ್ಲ ಗೊತ್ತಿರುವ ಕಡೆ ಇಡುತ್ತಾರೆ. ಹಾರ್ಲನ್ ಸ್ಟ್ರೂಪನ ಮನೆಯಲ್ಲಿ ಅದು ಗೋಡೆಯ ಮೇಲಿನ ಜಿಂಕೆತಲೆಯ ಎಡಗಿವಿಯೊಳಗೆ ಇರುತ್ತಿತ್ತು. ಅವನಪ್ಪ ಇಡುತ್ತಿದ್ದ ಜಾಗ. ಅವನೂ ಬದಲಿಸಿರಲಿಲ್ಲ.

ಆ ವರ್ಷ ಎಲೆ ಉದುರುವ ಕಾಲಕ್ಕೆ ಹಾರ್ಲನ್‌ಗೆ ಒಂದು ವಿಚಿತ್ರ ಕಂಡಿತು. ಜಿಂಕೆಯ ಮುಖದ ತುಂಬ ಧೂಳು. ಎಡಗಿವಿ ಮಾತ್ರ ಯಾರೋ ದಿನವೂ ಸವರಿದ ಹಾಗೆ ನುಣ್ಣಗಿತ್ತು. ಬೀರುವಿನ ಗಾಜಿನ ಮೇಲೆ ಹಣೆಯೊತ್ತಿ ನಿಂತವರ ಉಸಿರಿನ ಕಲೆಯಿತ್ತು. ಬಂದೂಕುಗಳೆಲ್ಲ ಇದ್ದವು. ಒಂದರಿಂದ ಮಾತ್ರ ಹೊಸ ಎಣ್ಣೆಯ ವಾಸನೆ. ಎಣ್ಣೆ ಹಚ್ಚಿದ್ದು ಅವನಲ್ಲ. ಹೆಂಡತಿ ಆರ್ಡಿತ್ ಅದರ ಹತ್ತಿರವೂ ಸುಳಿಯುವವಳಲ್ಲ.

ಹೊರಗಿನವರು ಬಂದು ಬಂದೂಕು ಎಣಿಸಿ ಹೋಗುತ್ತಿದ್ದಾರೆ ಎಂದುಕೊಂಡ. ಸರ್ಕಾರ ಬಂದೂಕುಗಳ ನೋಂದಣಿ ತರುತ್ತದೆ, ಆಮೇಲೆ ಒಂದೊಂದಾಗಿ ಕಿತ್ತುಕೊಳ್ಳುತ್ತದೆ ಎಂಬ ಮಾತು ಆಗ ಊರಿನ ಹೋಟೆಲಿನಲ್ಲೆಲ್ಲ ಓಡಾಡುತ್ತಿತ್ತು. ಹಾರ್ಲನ್ ರಸ್ತೆ ಕಡೆಯ ಕಿಟಕಿಗಳಿಗೆ ಪರದೆ ಎಳೆದ. ಕದ್ದು ಕೇಳುತ್ತಾರೆಂದು ಫೋನನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟ. ಪರದೆಯ ಸಂದಿಯಿಂದ ರಸ್ತೆ ಕಾಯುತ್ತ ಕೂತ. ಬೆನ್ನ ಹಿಂದೆ ಮನೆಯೊಳಗೆ ಯಾರು ಓಡಾಡುತ್ತಿದ್ದಾರೆಂದು ತಿರುಗಿ ನೋಡಲಿಲ್ಲ.

ಮನೆಯೊಳಗಿದ್ದವನು ಅವನ ತಂಗಿಯ ಮಗ ಕರ್ಟಿಸ್. ಮೂವತ್ತು ದಾಟಿದವನು. ಮರ ಕೊಯ್ಯುವ ಮಿಲ್ಲಿನಿಂದ ಕೆಲಸ ಬಿಡಿಸಿದ ಮೇಲೆ ಮಾವನ ಮನೆ ಸೇರಿದ್ದ. ಮೊದಮೊದಲು ಮಿಲ್ಲಿನವರನ್ನು ಬೈಯುತ್ತಿದ್ದ, ಬರುಬರುತ್ತ ಬೈಯುವುದನ್ನೂ ಬಿಟ್ಟ. ಪ್ರಾಣದಂತಿದ್ದ ನಾಯಿಯನ್ನು ಯಾರಿಗೋ ಕೊಟ್ಟುಬಿಟ್ಟ. ಮಿಲ್ಲಿನ ಒಬ್ಬೊಬ್ಬರಿಗೂ ತಾನು ಯಾರೆಂದು ತೋರಿಸುತ್ತೇನೆ ಎಂದು ಊಟದ ಮೇಜಿನಲ್ಲಿ ಮೆಲ್ಲಗೆ ಅಂದದ್ದು ಆರ್ಡಿತ್ ಕಿವಿಗೆ ಬಿದ್ದಿತ್ತು. ನೊಂದವನ ಮಾತು ಎಂದು ಹಾರ್ಲನ್ ತಳ್ಳಿಹಾಕಿದ್ದ.

ಜಿಂಕೆ ಬೇಟೆ ಶುರುವಾಗುವ ದಿನ ಗುಡ್ಡದ ತುಂಬ ಮಂಜು. ಮಧ್ಯಾಹ್ನವಾದರೂ ಒಳಗೆ ದೀಪ ಬೇಕಿತ್ತು. ಮಂಡಿನೋವೆಂದು ಹಾರ್ಲನ್ ಮನೆಯಲ್ಲೇ ಇದ್ದ. ಪಕ್ಕದ ಮನೆಯ ವರ್ನಾ ಸೇಬಿನ ಪೈ ಕೊಡಲು ಬಂದಳು. ಅವನ ಜೊತೆ ಶಾಲೆಗೆ ಹೋದವಳು, ಹೊಸ ಬೇಟೆಗಾರರಿಗೆ ಬಂದೂಕಿನ ಜಾಗ್ರತೆ ಕಲಿಸುವವಳು. ಬೀರುವಿನಲ್ಲಿ ಒಂದು ಜಾಗ ಖಾಲಿಯಿದ್ದದ್ದು ಅವಳ ಕಣ್ಣಿಗೆ ಬಿತ್ತು. ಕರ್ಟಿಸ್ ಬೇಟೆಗೆ ಹೋಗಿದ್ದಾನೆ ಎಂದ ಹಾರ್ಲನ್.

ವರ್ನಾ ಬಾಗಿಲ ಹಿಂದೆ ನೋಡಿದಳು. ಮೊಳೆಯಲ್ಲಿ ಕರ್ಟಿಸ್‌ನ ಕಿತ್ತಳೆ ಬಣ್ಣದ ಮೇಲಂಗಿ ತೂಗುತ್ತಿತ್ತು, ತಲೆಯಿಲ್ಲದ ಮನುಷ್ಯ ನಿಂತ ಹಾಗೆ. ಇನ್ನೊಬ್ಬರ ಗುಂಡು ತಗಲದಿರಲೆಂದು ಬೇಟೆಗೆ ಹೋಗುವವರೆಲ್ಲ ತೊಡುವ ಅಂಗಿ ಅದು.

“ಈ ಮಂಜಲ್ಲಿ ಇದನ್ನ ಬಿಟ್ಟು ಯಾರು ಕಾಡಿಗೆ ಹೋಗ್ತಾರೋ?” ಎಂದಳು. “ಹಾರ್ಲನ್, ಅವನು ಜಿಂಕೆಗೆ ಹೋಗಿಲ್ಲ.”

ಆರ್ಡಿತ್ ಬಾಯಿಬಿಟ್ಟಳು. ನಾಯಿಯ ವಿಷಯ, ಮಿಲ್ಲಿನ ಮಾತು, ಎಲ್ಲ ಹೊರಗೆ ಬಂತು. ವರ್ನಾ ಪೊಲೀಸರಿಗೆ ಹೇಳೋಣ ಎಂದಳು.

“ಬಂದೂಕಿನ ನಂಬರ್ ಕೇಳ್ತಾರೆ ಕಣೇ,” ಎಂದ ಹಾರ್ಲನ್. “ಒಂದ್ಸಲ ಬರ್ಕೊಂಡ್ರೆ ಮುಗೀತು, ಸಾಯೋವರೆಗೂ ನಮ್ಮ ಮೇಲೊಂದು ಕಣ್ಣು.”

“ಆ ಕಾನೂನು ಬೇಕೋ ಬೇಡ್ವೋ, ಓಟು ಹಾಕೋವಾಗ ಜಗಳ ಆಡೋಣ. ಈಗ ಮಿಲ್ಲಲ್ಲಿ ನನ್ನ ತಮ್ಮ ಇದಾನೆ ಕಣೋ.”

“ಪೊಲೀಸ್ನೋರು ಕರ್ಟಿಸ್‌ನನ್ನೇ ಹೊಡೆದುಹಾಕಿದ್ರೆ?”

“ಏನಾಗಿದೆ ಅಂತ ಪೂರ್ತಿ ಹೇಳು. ನೊಂದಿದಾನೆ, ಮಾತಾಡ್ಸಿ ಅಂತ ಹೇಳು. ನೀನು ಹೇಳದಿದ್ರೆ ಅವರಿಗೆ ಕಾಣೋದು ಬಂದೂಕು ಒಂದೇ.”

ಹಾರ್ಲನ್ ಜಿಂಕೆಯತ್ತ ನೋಡಿದ. ಅದರ ಗಾಜಿನ ಕಣ್ಣು ಎಲ್ಲವನ್ನೂ ನೋಡಿ ಸುಮ್ಮನಿದ್ದ ಹಾಗೆ ಕಂಡಿತು. ಎದ್ದುಹೋಗಿ ಡಬ್ಬಿಯಿಂದ ಫೋನು ತೆಗೆದು ಪೊಲೀಸರಿಗೆ ಮಾಡಿದ. ಕರ್ಟಿಸ್‌ನ ಗಾಡಿಯ ಬಣ್ಣ, ಬಂದೂಕಿನ ಜಾತಿ ಹೇಳಿದ; ನೊಂದವನು, ಮಾತಾಡಿಸಿ ಎಂದ. ನಂಬರ್ ಕೇಳಿದಾಗ, ಎಂದೂ ಬರೆದಿಟ್ಟಿಲ್ಲ ಎಂದ. ಅತ್ತ ವರ್ನಾ ತನ್ನ ಫೋನಿನಿಂದ ಮಿಲ್ಲಿಗೆ ಹೇಳಿ, ಯಾರೂ ಹೊರಗೆ ಬರದಂತೆ ಬಾಗಿಲು ಹಾಕಿಸಿದಳು.

ಕರ್ಟಿಸ್ ಮಿಲ್ಲಿನ ಗೇಟಿನೆದುರೇ ಗಾಡಿಯಲ್ಲಿ ಕೂತಿದ್ದ. ಪೊಲೀಸರು ದೂರ ನಿಂತು ಬಹಳ ಹೊತ್ತು ಮಾತಾಡಿದರು. ಕೊನೆಗೆ ಅವನು ಬಾಗಿಲು ತೆರೆದು, ಬರಿಗೈಯಲ್ಲಿ ಇಳಿದ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಮನಸ್ಸಿನ ಚಿಕಿತ್ಸೆಗೆಂದು ಸೇರಿಸಿದ ಆಸ್ಪತ್ರೆಯಲ್ಲಿ ಹಾರ್ಲನ್ ನೋಡಲು ಹೋದಾಗ ಅವನು ಗೋಡೆ ನೋಡುತ್ತಲೇ ಹೇಳಿದ: “ಬೆಳಗ್ಗಿಂದ ಅಲ್ಲೇ ಇದ್ದೆ ಮಾವ. ಬಂದೂಕು ತೊಡೆ ಮೇಲೇ ಇತ್ತು. ಹೋಗೋ ಬರೋರೆಲ್ಲ ನೋಡಿದ್ರು. ದೊಡ್ಡ ಜಿಂಕೆ ಸಿಗ್ಲಿ ಅಂತ ಕೈ ಬೀಸಿ ಹೋದ್ರು.”

ಹಾರ್ಲನ್ ಈಗಲೂ ಹೋಟೆಲಿನಲ್ಲಿ ನೋಂದಣಿಯ ಮೇಲೆ ಜಗಳವಾಡುತ್ತಾನೆ. ಆದರೆ ಗಾಜಿನ ಬೀರು ಹೋಗಿ ಉಕ್ಕಿನದು ಬಂದಿದೆ. ಗುಂಡುಗಳಿಗೆ ಬೇರೆ ಬೀಗ. ಬಂದೂಕುಗಳ ನಂಬರುಗಳನ್ನು ಬರೆದಿಟ್ಟಿದ್ದಾನೆ, ಒಂದು ಕಾಣೆಯಾದರೂ ಅಂದೇ ಪೊಲೀಸರಿಗೆ ತಿಳಿಸುತ್ತೇನೆಂದು ವರ್ನಾಗೆ ಮಾತು ಕೊಟ್ಟಿದ್ದಾನೆ. ಕೀಲಿ ಅವನ ಕೊರಳಲ್ಲಿರುತ್ತದೆ. ಆದರೂ ಬೆಳಗ್ಗೆ ಎದ್ದವನೇ ಜಿಂಕೆಯ ಎಡಗಿವಿಯೊಳಗೆ ಬೆರಳಾಡಿಸಿ, ಧೂಳು ಕೂತಿದೆಯೇ ಎಂದು ನೋಡುತ್ತಾನೆ. ಧೂಳಿದ್ದರೆ ಸಮಾಧಾನ.

ಓದುತ್ತಿರುವ ನೀವೂ ಒಮ್ಮೆ ಎದ್ದು ನೋಡಿ ಬನ್ನಿ. ನಿಮ್ಮ ಮನೆಯಲ್ಲಿ ಬಂದೂಕಿದ್ದರೆ, ಅದರ ಬೀರುವಿನ ಕೀಲಿ ಎಲ್ಲಿದೆ? ನಿಮ್ಮನ್ನು ಬಿಟ್ಟು ಇನ್ನಾರಿಗೆ ಗೊತ್ತು? ಮನೆಯಲ್ಲಿ ಯಾರಾದರೂ ಮಾತು ಬಿಟ್ಟಿದ್ದರೆ, ಪ್ರೀತಿಯದನ್ನೆಲ್ಲ ಹಂಚಿಬಿಡುತ್ತಿದ್ದರೆ, ಇನ್ನೊಬ್ಬರನ್ನು ಮುಗಿಸುವ ಮಾತಾಡಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಬಂದೂಕನ್ನು ಅವರ ಕೈಗೆ ಸಿಗದ ಕಡೆ ಸೇರಿಸಿ. ವೈದ್ಯರಿಗೋ ಪೊಲೀಸರಿಗೋ, ಹೇಳಬೇಕಾದವರಿಗೆ ಇಂದೇ ಹೇಳಿ. ರಸ್ತೆಯನ್ನು ಆಮೇಲೆ ಕಾಯಬಹುದು. ಮೊದಲು ಬೆನ್ನ ಹಿಂದೆ ತಿರುಗಿ ನೋಡಿ.