ಕ್ಯಾಮೆರಾ ಆರಿದ ಮೇಲೆ

"ಅಷ್ಟು ದೊಡ್ಡ ಪರದೆ! ನೀನು ದಪ್ಪ ಕಾಣ್ತೀಯ ನೋಡು," ಎಂದು ಅಕ್ಕ ಕನ್ನಡಕ ಒರೆಸಿಕೊಳ್ಳುತ್ತಾ ತಂಗಿಯ ಕಿವಿಯಲ್ಲಿ ಹೇಳಿದಳು.

"ಇರೋದೇ ದಪ್ಪ. ಪರದೆ ಏನು ಮಾಡುತ್ತೆ, ಪಾಪ."

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ವಿಶ್ವವಿದ್ಯಾಲಯದ ಸಿನಿಮಾ ವಿಭಾಗದಲ್ಲಿ ಅಂದು ವಿದ್ಯಾರ್ಥಿ ಪ್ರಶಸ್ತಿಗಳ ದಿನ. ತಂಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುವವಳು. ಅವಳ ಮಗಳು ಗುಬ್ಬಿ ತಾಯಿಯ ಮೇಲೆಯೇ ಹನ್ನೆರಡು ನಿಮಿಷದ ಸಾಕ್ಷ್ಯಚಿತ್ರ ಮಾಡಿದ್ದಳು. ಅದಕ್ಕೇ ಮೊದಲ ಬಹುಮಾನ ಎಂದು ಆಗಷ್ಟೇ ಘೋಷಿಸಿದ್ದರು. ಇನ್ನು ಚಿತ್ರ ತೋರಿಸುವುದು, ಆಮೇಲೆ ವೇದಿಕೆ.

ಅಕ್ಕನನ್ನು ಕರೆಸಿದವಳು ಗುಬ್ಬಿಯ ತಾಯಿಯೇ. "ದೊಡ್ಡಮ್ಮ ಯಾಕೆ ಅಷ್ಟು ದೂರದಿಂದ? ಸುಸ್ತಾಗ್ತಾರೆ," ಎಂದು ಗುಬ್ಬಿ ಎರಡು ಸಲ ಅಂದಿದ್ದಳು. ಮಗಳಿಗೆ ಎಷ್ಟು ಕಾಳಜಿ ಎಂದುಕೊಂಡಿದ್ದಳು ತಾಯಿ.

ಪರದೆಯ ಮೇಲೆ ಬಿಳಿ ಚಾದರಗಳು ತೇಲಿಬಂದವು. ಆವಿಯಲ್ಲಿ ತನ್ನದೇ ಕೈಗಳು. ಮೂಲೆಗೆ ಮೂಲೆ ಸೇರಿಸಿ, ಕೊಡವಿ, ಮಡಚುವ ಕೈಗಳು. ಅಕ್ಕ ಅವಳ ಮೊಣಕಾಲು ತಟ್ಟಿದಳು.

ಆಮೇಲೆ ಮಾತು ಕೇಳಿಸಿತು.

"ಅವ್ವ ಎರಡು ವರ್ಷ ಹಾಸಿಗೆ ಹಿಡಿದಿದ್ಲು ಕಣೇ. ಗಳಿಗೆಗೊಂದು ಸಲ ನೀರು. ಆವತ್ತು ಮಧ್ಯಾಹ್ನನೂ ನೀರು ನೀರು ಅಂದ್ಲು. ಕೇಳಿಸ್ತು ನಂಗೆ. ಕೇಳಿಸದವಳ ಹಾಗೆ ಬಟ್ಟೆ ಮಡಚ್ತಾ ಕೂತೆ. ಇಷ್ಟು ಮುಗಿಸಿ ಏಳೋಣ ಅಂತ. ಎದ್ದು ಹೋದಾಗ ಉಸಿರೇ ಇರಲಿಲ್ಲ. ನೀನು ಒಂದು ದಿನ ಬೈದೆ ಅಂತ ಅಳ್ತಿದ್ದೀಯಲ್ಲ, ನನ್ನ ನೋಡು."

ತಾಯಿಗೆ ಮೊದಲು ಅದು ತನ್ನ ದನಿ ಎಂದೇ ಅನ್ನಿಸಲಿಲ್ಲ. ಆ ಮಾತನ್ನು ಅವಳು ಆಡಿದ್ದು ಲಾಂಡ್ರಿಯ ಗೆಳತಿಗೆ, ಬಿಡುವಿನ ಹೊತ್ತಿನಲ್ಲಿ. ಗೆಳತಿಯ ತಾಯಿಯೂ ಹಾಸಿಗೆ ಹಿಡಿದಿದ್ದಳು. ಅವಳ ಅಳು ನಿಲ್ಲಿಸಲು ಬೇರೆ ದಾರಿ ತೋಚಿರಲಿಲ್ಲ. ಗುಬ್ಬಿ ಕ್ಯಾಮೆರಾ ಆರಿಸಿ, "ಅರ್ಧ ಗಂಟೆ ರೆಸ್ಟ್ ಅಮ್ಮ," ಎಂದು ಟೀ ಕುಡಿಯಲು ಹೋಗಿದ್ದಳು. ರವಿಕೆಗೆ ಸಿಕ್ಕಿಸಿದ ಹುರುಳಿಕಾಳಿನಷ್ಟು ಮೈಕು ತಾಯಿಗೆ ಮರೆತೇಹೋಗಿತ್ತು. ಕ್ಯಾಮೆರಾ ಆರಿದರೆ ಎಲ್ಲವೂ ಆರಿತು ಎಂದೇ ಅವಳ ತಿಳುವಳಿಕೆ.

ಮೊಣಕಾಲ ಮೇಲಿದ್ದ ಅಕ್ಕನ ಕೈ ಅಲ್ಲಿರಲಿಲ್ಲ.

'ನಿದ್ದೆಯಲ್ಲೇ ಹೋದ್ಲು ಅಕ್ಕ, ಏನೂ ಕೇಳಲಿಲ್ಲ.' ಆರು ವರ್ಷದ ಹಿಂದೆ ಫೋನಿನಲ್ಲಿ ಹೇಳಿದ್ದು. ಅಕ್ಕ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಸಮಾಧಾನಪಟ್ಟಿದ್ದಳು.

"ನೀರು ಕೇಳಿದ್ಲಾ ಅವ್ವ?" ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಕೇಳಿದ್ಲು."

ದೀಪ ಹತ್ತಿತು, ಚಪ್ಪಾಳೆ ನಿಲ್ಲಲಿಲ್ಲ. ಗೆದ್ದವರು ತಮ್ಮ ಚಿತ್ರದ ವ್ಯಕ್ತಿಯ ಕೈಯಿಂದಲೇ ಬಹುಮಾನ ಪಡೆಯುವುದು ಅಲ್ಲಿಯ ರೂಢಿ. ತೀರ್ಪುಗಾರರು, "ತಾಯಿ ಮಗಳ ನಡುವೆ ಎಂಥ ನಂಬಿಕೆ ಇದ್ದರೆ ಇಂಥ ಚಿತ್ರ ಬರುತ್ತದೆ!" ಎನ್ನುತ್ತಿದ್ದರು. ಯಾರೋ ಅವಳನ್ನು ತೋಳು ಹಿಡಿದು ಮೇಲೆ ಹತ್ತಿಸಿದರು. ಎರಡು ಮಾತಾಡಿ ಎಂದು ಕೈಗೆ ಮೈಕು ಕೊಟ್ಟರು.

ತಾಯಿ ಅದನ್ನು ತಿರುಗಿಸಿ ನೋಡಿದಳು.

"ಇದು ಆನ್ ಇದೆಯಾ?"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಗುಬ್ಬಿಯೊಬ್ಬಳು ನಗಲಿಲ್ಲ. ತಾಯಿ ಬಹುಮಾನವನ್ನು ಮಗಳ ಕೈಯಲ್ಲಿಟ್ಟು ಇಳಿದು ಬಂದಳು. ಅಕ್ಕನ ಕುರ್ಚಿ ಖಾಲಿಯಿತ್ತು.

ಹೊರಬಾಗಿಲ ಹತ್ತಿರ ಗುಬ್ಬಿ ಓಡಿಬಂದು ಅಡ್ಡ ನಿಂತಳು.

"ಅಮ್ಮ, ಅದೇ ಕಣಮ್ಮ ಚಿತ್ರದ ಜೀವ. ಮೇಷ್ಟ್ರೂ ಅದನ್ನೇ ಅಂದ್ರು. ನಿನ್ನ ಮೇಲೆ ಎಷ್ಟು ಗೌರವ ಬಂತು ಗೊತ್ತಾ ಎಲ್ಲರಿಗೂ? ಮೊದಲೇ ಹೇಳಿದ್ದರೆ ನೀನು ಬೇಡ ಅಂತಿದ್ದೆ."

"ಹೂಂ. ಬೇಡ ಅಂತಿದ್ದೆ."

"ಒಪ್ಪಿಗೆ ಕಾಗದಕ್ಕೆ ನೀನೇ ಸಹಿ ಹಾಕಿದ್ದೆಯಲ್ಲಮ್ಮ..."

"ನೀನು ಕೊಟ್ಟೆ ಅಂತ ಹಾಕಿದೆ ಮಗು. ಓದಲಿಲ್ಲ."

ಗುಬ್ಬಿಯ ಗಲ್ಲ ನಡುಗಿತು. ಎಷ್ಟೋ ವರ್ಷದಿಂದ ಆ ಗಲ್ಲ ನಡುಗಿದಾಗಲೆಲ್ಲ ತಾಯಿಯ ಕೈ ತಾನಾಗಿ ಮೇಲೇಳುತ್ತಿತ್ತು. ಈಗಲೂ ಎದ್ದಿತು. ಅರ್ಧಕ್ಕೆ ಬಂದು ಚೀಲದ ಹಿಡಿಕೆ ಸರಿಪಡಿಸಿಕೊಂಡಿತು.

ಗೇಟಿನ ಮುಂದಿನ ನಿಲ್ದಾಣದಲ್ಲಿ ಬಸ್ಸು ಹೊರಡುವುದರಲ್ಲಿತ್ತು. ತಾಯಿ ಓಡಿಹೋಗಿ ಹತ್ತಿದಳು. ಅಕ್ಕ ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಚೀಲವನ್ನಿಟ್ಟಿದ್ದಳು. ತಾಯಿ ಕಂಬಿ ಹಿಡಿದು ನಿಂತಳು. ಒಂದೇ ಮುಖದ ಇಬ್ಬರನ್ನೂ ನೋಡಿ ಕಂಡಕ್ಟರ್ ಎರಡು ಬೆರಳೆತ್ತಿ, "ಎರಡೇನಮ್ಮ?" ಎಂದು ಅಕ್ಕನನ್ನು ಕೇಳಿದ.

ಅಕ್ಕ ಹೊರಗೆ ನೋಡುತ್ತಲೇ ಹೇಳಿದಳು.

"ಒಂದು."