ಯಾಂಗವ್ವನ ನೀಲಿ ಬಾನಿ

ನೀಲಿ ಬಣ್ಣ ಹುದುಗುವ ಬಾನಿ ನಾರಬೇಕು. ನಾರದಿದ್ದರೆ ಸತ್ತಿದೆ ಎಂದೇ ಅರ್ಥ. ಇಷ್ಟು ಸಣ್ಣ ಸಂಗತಿ ಡಚ್ಚರ ನಾಡಿನ ಎನ್ಸ್‌ಕೆಡೆ ಹತ್ತಿರದ ಒಂದು ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರೂ ಮುದುಕಿಯರು, ಇಬ್ಬರಿಗೂ ಡಚ್ ಬಾರದು.

ಒಬ್ಬಳು ಮಗನ ಮನೆಯಲ್ಲಿದ್ದ ಇಳಕಲ್ಲಿನ ಕಾಶಮ್ಮ. ಸೀರೆಯ ನೂಲಿಗೆ ನೀಲಿ ಹಾಕುತ್ತಿದ್ದ ಅವಳಜ್ಜನ ಬಾನಿಗಳು ಅವಳು ಚಿಕ್ಕವಳಿದ್ದಾಗಲೇ ಒಣಗಿದ್ದವು. ಇನ್ನೊಬ್ಬಳು ಚೀನಾದ ಬಾಯ್ ಜನಾಂಗದ ಯಾಂಗ್. ಕಾಶಮ್ಮನ ಬಾಯಲ್ಲಿ ಯಾಂಗವ್ವ. ಬಟ್ಟೆಯನ್ನು ಸೂಜಿಯಿಂದ ನೆರಿಗೆ ಹಿಡಿದು, ದಾರ ಬಿಗಿದು, ನೀಲಿಯಲ್ಲಿ ಅದ್ದಿ, ಆಮೇಲೆ ದಾರ ಬಿಚ್ಚುವುದು ಅವಳ ಮನೆತನದ ಕಸುಬು. ದಾರವಿದ್ದ ಕಡೆ ಬಿಳಿ ಹೂ ಮೂಡುತ್ತದೆ. ತಾಯಿ ಸಾಯುವ ಮುಂಚೆ ಕಟ್ಟಿ ಮುಗಿಸಿದ್ದ ಒಂದು ಬಟ್ಟೆ, ಇನ್ನೂ ನೀಲಿಗೆ ಅದ್ದದೆ ಉಳಿದದ್ದು, ಅವಳ ಹತ್ತಿರವಿತ್ತು.

ಅಳಿಯುವ ಕಸುಬು ಉಳಿಸುತ್ತೇವೆಂದು ಅಲ್ಲಿನ ಪುರಸಭೆ, ಅಂದರೆ ಗೆಮೇಂಟೆ, ಒಂದು ಕೋಣೆ ಕೊಟ್ಟಿತು. ಕನ್ನಡ ಬಳಗ ಉಸ್ತುವಾರಿ ಹೊತ್ತು, ಮೊದಲು ಬ್ಯಾನರ್ ಮಾಡಿಸಿತು. ಯಾಂಗವ್ವ ಊರಿಂದ ತಂದ ಕೊನೆಯ ನೀಲಿ ಮುದ್ದೆಯನ್ನು ಕದಡಿ ಬಾನಿ ಹೂಡಿದಳು. ಮೊಸರಿಗೆ ಹೆಪ್ಪು ಇದ್ದಂತೆ ಆ ಮುದ್ದೆ. ಅವಳ ಕೇರಿಯಲ್ಲೂ ಈಗ ಪೊಟ್ಟಣದ ಬಣ್ಣವೇ ಅಂತೆ; ಮತ್ತೆ ತರಿಸುವ ಮಾತಿಲ್ಲ.

ಬಾನಿ ಹದಕ್ಕೆ ಬರುವ ಹೊತ್ತಿಗೆ ಯಾಂಗವ್ವ ಜಾರಿಬಿದ್ದು ಆಸ್ಪತ್ರೆ ಸೇರಿದಳು. ನೋಡಲು ಬಂದ ಕಾಶಮ್ಮನ ಮಡಿಲಿಗೆ ಆ ಬಟ್ಟೆಯನ್ನಿಟ್ಟು, ಬಾನಿ ತಿರುವುವಂತೆ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. ಕಾಶಮ್ಮ ತಲೆಯಾಡಿಸಿದಳು.

ದಿನಾ ಕೋಣೆಗೆ ಹೋಗಿ ಬಾನಿಗೆ ಬೆಲ್ಲ ಉಣಿಸಿ, ತಿರುವಿ, ಕೌದಿ ಹೊಚ್ಚಿದಳು. ಶನಿವಾರ, ಭಾನುವಾರ ಮಾತ್ರ ಕೋಣೆಗೆ ಬೀಗ. ಕೀಲಿ ಇದ್ದದ್ದು ಬಳಗದ ಕಾರ್ಯದರ್ಶಿಯ ಕೈಯಲ್ಲಿ, ಅಂದರೆ ಅವಳ ಮಗ ರವಿಕಿರಣನ ಕೈಯಲ್ಲಿ. "ಒಮ್ಮೆ ತಿರುವಿ ಹೊಚ್ಚು. ಮತ್ತೇನೂ ಮಾಡಬ್ಯಾಡ" ಎಂದು ಶನಿವಾರ ಅವನಿಗೆ ಹೇಳಿ ಕಳಿಸಿದಳು.

ಸೋಮವಾರ ಗೆಮೇಂಟೆಯ ಅಧಿಕಾರಿಣಿ ಉದ್ಘಾಟನೆಗೆ ಬಂದರು. ಗಾಲಿಕುರ್ಚಿಯಲ್ಲಿ ಯಾಂಗವ್ವನೂ ಬಂದಳು. ಕೋಣೆಯಲ್ಲಿ ತಿಕ್ಕುವ ಸಾಬೂನಿನ ನಿಂಬೆಹಣ್ಣಿನ ವಾಸನೆ. ಕಾಶಮ್ಮ ನೇರ ಬಾನಿಯ ಬಳಿ ಹೋಗಿ ಬಗ್ಗಿ ನೋಡಿದಳು.

"ರವಿ, ಬಾನಿಗೆ ಏನ್ ಮಾಡಿದಿ?"

"ಕೊಳತು ನಾರಾಕತ್ತಿತ್ತು, ಯವ್ವಾ. ಎಲ್ಲಾರೂ ಸೇರಿ ಚೆಲ್ಲಿ ತಿಕ್ಕಿದ್ವಿ. ಹೊಸಾ ನೀಲಿ ಪೌಡರ್ ಕಲಸೀನಿ. ಫೋಟೋದಾಗ ಚಂದ ಕಾಣತೈತಿ."

"ಅದು ಜೀವಂತ ಇತ್ತಪ್ಪಾ" ಎಂದಳು ಕಾಶಮ್ಮ.

ಬಟ್ಟೆ ಅದ್ದಿ ತೋರಿಸಿ ಎಂದು ಅಧಿಕಾರಿಣಿ ನಗುತ್ತ ಸನ್ನೆ ಮಾಡಿದರು. ಯಾಂಗವ್ವ ಬೆರಳದ್ದಿ ಮೂಸಿದಳು. ಕಾಶಮ್ಮನನ್ನೊಮ್ಮೆ ನೋಡಿ, ಅವಳ ಕೈಯಿಂದ ತಾಯಿಯ ಬಟ್ಟೆ ಇಸಿದುಕೊಂಡಳು. ಆಮೇಲೆ ಬಟ್ಟೆಯನ್ನು ಅದ್ದದೆ, ಹಲ್ಲಿನಿಂದ ದಾರ ಕಚ್ಚಿ ಬಿಚ್ಚತೊಡಗಿದಳು. ಕಾಶಮ್ಮ ಇನ್ನೊಂದು ತುದಿ ಹಿಡಿದಳು. ಗಂಟು ಗಂಟಾಗಿ ಬಟ್ಟೆ ಬಿಚ್ಚಿಕೊಂಡಿತು: ಉದ್ದಕ್ಕೂ ಬಿಳಿ, ನೆರಿಗೆಗಳಲ್ಲಿ ಸೂಜಿಯ ತೂತುಗಳು.

ಕಸುಬು ಹೀಗೇ ಇರಬೇಕೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ರವಿಕಿರಣ ಫೋಟೋ ತೆಗೆದ. ಕಾಶಮ್ಮ ನೆಲದ ಮೇಲೆ ಬಿದ್ದ ದಾರಗಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು. ಆ ಗಂಟುಗಳನ್ನು ಕಟ್ಟಿದ್ದ ಯಾಂಗವ್ವನ ತಾಯಿಯ ಕೈ ಮತ್ತೆ ಬರುವಂತಿರಲಿಲ್ಲ.