ಉದಾಹರಣೆಗೆ ಒಬ್ಬರು ಟೀಚರ್

ಟೇಲರಕ್ಕನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಕಿಟಕಿ ತೆರೆದು ಮಲಗಬೇಕೋ ಮುಚ್ಚಿ ಮಲಗಬೇಕೋ, ಹೊಸ ಬಟ್ಟೆಯನ್ನು ಒಗೆದು ತೊಡಬೇಕೋ ಹಾಗೆಯೇ ತೊಡಬೇಕೋ, ಕೇಳಿದರೂ ಹೇಳುತ್ತಿದ್ದಳು, ಕೇಳದಿದ್ದರೂ ಹೇಳುತ್ತಿದ್ದಳು. ಮನೆಯವರಿಗೆ ಕೇಳಿ ಕೇಳಿ ಸಾಕಾಗಿ ಹೋಗಿತ್ತು. ಆಗ ಅವಳಿಗೆ ಸಿಕ್ಕಿದ್ದು ಮೊಬೈಲಿನ ಒಂದು ಹರಟೆ ಗುಂಪು. ಊರು ಗೊತ್ತಿಲ್ಲದ, ಮುಖ ಗೊತ್ತಿಲ್ಲದ ಸಾವಿರಾರು ಜನ ಅಲ್ಲಿ ದಿನಕ್ಕೊಂದು ಪ್ರಶ್ನೆ ಹಿಡಿದು ಜಗ್ಗಾಡುತ್ತಿದ್ದರು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಟೇಲರಕ್ಕನೂ ಮಿಷನ್ ನಿಲ್ಲಿಸಿ ಅವರ ಜೊತೆ ಸೇರುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ದಿನ ಬಂದ ಪ್ರಶ್ನೆ: ಮೈಯ ಊನವನ್ನು ಬಟ್ಟೆಯಲ್ಲಿ ಮುಚ್ಚುವುದು ಮೋಸವೇ?

ಮೋಸವೇ ಸರಿ ಎಂದು ಯಾರೋ ಬರೆದರು. ಟೇಲರಕ್ಕನಿಗೆ ಮೈ ಉರಿಯಿತು. "ಯಾಕೆ ಮೋಸ? ಉದಾಹರಣೆಗೆ, ನಮ್ಮ ಅಂಗಡಿಗೆ ಒಬ್ಬರು ಟೀಚರ್ ಬರ್ತಾರೆ. ಎಡ ಹೆಗಲು ಎರಡು ಬೆರಳು ಕೆಳಗಿದೆ. ಒಳಗೊಂದು ಪ್ಯಾಡ್ ಇಟ್ಟು ಹೊಲಿದು ಕೊಡ್ತೀನಿ. ಇಷ್ಟು ವರ್ಷ ಆಯ್ತು, ಒಂದು ನರಪಿಳ್ಳೆಗೂ ಗೊತ್ತಾಗಿಲ್ಲ," ಎಂದು ಬರೆದಳು. ಮೆಚ್ಚುಗೆ ಬಂದದ್ದೇ ಬಂದದ್ದು. ಟೇಲರಕ್ಕ ಉಬ್ಬಿಹೋದಳು.

ಎದುರಿಗೆ ಗುಂಡಿ ಹಾಕುತ್ತಾ ಕೂತಿದ್ದ ತಂಗಿಗೂ ಅದನ್ನು ಓದಿ ಹೇಳಿದಳು. ತಂಗಿಯ ಸೂಜಿ ನಿಂತಿತು.

"ಅಕ್ಕ, ಅದನ್ನ ತೆಗಿ."

"ಯಾಕೆ? ನಾನೇನು ಹೆಸರು ಹಾಕಿದೀನಾ?"

"ಹೆಸರು ಯಾಕೆ ಬೇಕು? ಅಂಗಡಿ ಅಂಚೆ ಕಚೇರಿ ಪಕ್ಕ ಅಂತ ಮೊನ್ನೆ ನೀನೇ ಬರೆದಿದ್ದೆ. ಬೋರ್ಡಿನ ಫೋಟೋ ಬೇರೆ ಹಾಕಿದ್ದೆ. ನಮ್ಮ ಹತ್ರ ಹೊಲಿಸೋ ಟೀಚರ್ ಎಷ್ಟು ಜನ ಇದಾರೆ ಹೇಳು."

"ಗುಂಪಲ್ಲಿರೋರೆಲ್ಲ ಎಲ್ಲೆಲ್ಲಿಯವರೋ ಕಣೇ. ಅವರಿಗೇನು ಗೊತ್ತಾಗುತ್ತೆ?"

"ಈ ಊರಲ್ಲಿ ಕೂತು ನೀನು ಓದ್ತಿಲ್ವಾ? ಹಾಗೇ ಇನ್ನೊಬ್ಬರೂ ಓದ್ತಿರ್ತಾರೆ."

"ನಿಂಗೆ ಎಲ್ಲದಕ್ಕೂ ಹೆದರಿಕೆ," ಎಂದು ಟೇಲರಕ್ಕ ಮಾತು ಮುಗಿಸಿದಳು.

ಮುಂದಿನ ವಾರ ಟೀಚರ್ ಬಂದರು. ಹೊಸ ಬಟ್ಟೆಯೇನೂ ತಂದಿರಲಿಲ್ಲ. ಟೇಲರಕ್ಕನೇ ಹೊಲಿದಿದ್ದ ಹಳೆಯ ಜಾಕೆಟ್ಟುಗಳನ್ನು ಮೇಜಿನ ಮೇಲಿಟ್ಟರು.

"ಇವುಗಳ ಪ್ಯಾಡ್ ತೆಗೆದುಬಿಡಿ."

ಟೇಲರಕ್ಕ ಒಂದು ಜಾಕೆಟ್ಟನ್ನು ಕೈಗೆತ್ತಿಕೊಂಡಳು. "ಯಾಕೆ ಟೀಚರ್?"

"ಇನ್ನು ಯಾರಿಂದ ಮುಚ್ಚಿಡ್ಲಿ? ನಾನು ಬೋರ್ಡ್ ಕಡೆ ತಿರುಗಿದ್ರೆ ಸಾಕು, ಹಿಂದೆ ಮಕ್ಕಳು ಒಂದು ಹೆಗಲು ಇಳಿಸ್ಕೊಂಡು ಕೂರ್ತಾರೆ. ನೀವು ಬರೆದಿದ್ದನ್ನ ಯಾರೋ ಫೋಟೋ ತೆಗೆದು ಹಂಚಿದಾರೆ."

"ನಿಮ್ಮ ಪರವಾಗೇ ಬರೆದಿದ್ದು ಟೀಚರ್. ತಪ್ಪಾಯ್ತು. ಈಗಲೇ ಅಳಿಸ್ತೀನಿ."

"ಅಳಿಸಿ. ನೀವು ನನಗೆ ಕೆಟ್ಟದ್ದು ಬಯಸಿಲ್ಲ ಅಂತ ಗೊತ್ತು." ಟೀಚರ್ ದನಿ ಏರಿಸಲಿಲ್ಲ. "ನಮ್ಮಮ್ಮನ್ನ ಬಿಟ್ರೆ ಈ ಹೆಗಲಿನ ವಿಷಯ ಗೊತ್ತಿದ್ದಿದ್ದು ನಿಮಗೊಬ್ಬರಿಗೇ."

ಟೇಲರಕ್ಕ ಅವರೆದುರಿಗೇ ಅಳಿಸಿದಳು. ಆದರೆ ಊರಿನ ಮೊಬೈಲುಗಳಲ್ಲಿ ಸೇರಿಕೊಂಡಿದ್ದ ಫೋಟೋಗಳನ್ನು ಅಳಿಸುವುದು ಅವಳ ಕೈಯಲ್ಲಿರಲಿಲ್ಲ. ಪ್ಯಾಡ್ ಬಿಚ್ಚಿಸಿಕೊಂಡು ಹೋದ ಟೀಚರ್ ಮತ್ತೆ ಅಳತೆ ಕೊಡಲು ಬರಲೇ ಇಲ್ಲ. ಟೇಲರಕ್ಕನಿಗೆ ಅದು ಬಹಳ ನೋವು ಕೊಟ್ಟಿತು.

"ಗುಂಪೇ ಬಿಟ್ಬಿಡ್ಲಾ?" ಎಂದು ತಂಗಿಯನ್ನು ಕೇಳಿದಳು.

"ಬಿಡೋದ್ಯಾಕೆ? ಎಷ್ಟು ಬೇಕಾದ್ರೂ ವಾದ ಮಾಡು, ನಿನ್ನ ವಿಷಯ ಹೇಳ್ಕೋ. ಬೇರೆಯವರದ್ದು ಹೇಳೋಕೆ ಮುಂಚೆ ಅವರನ್ನ ಒಂದು ಮಾತು ಕೇಳು."

"ಕೇಳಿದ್ರೆ ಟೀಚರ್ ಬೇಡ ಅಂತಿದ್ರು."

"ಹ್ಞೂಂ," ಎಂದಳು ತಂಗಿ.

ಓದುತ್ತಿರುವವರೇ, ಕೇಳುತ್ತಿರುವವರೇ, ಅಪರಿಚಿತರ ಜೊತೆ ಧಾರಾಳವಾಗಿ ಮಾತಾಡಿ. ಅಭಿಪ್ರಾಯ ನಿಮ್ಮದು, ಯಾರೂ ಬೇಡ ಎನ್ನುವುದಿಲ್ಲ. ಆದರೆ 'ಉದಾಹರಣೆಗೆ' ಎಂದು ಬರೆಯುವಾಗ ಒಂದು ಗಳಿಗೆ ಬೆರಳು ತಡೆಯಿರಿ. ಅಲ್ಲಿ ಬರುವುದು ಯಾರ ಮೈ, ಯಾರ ಕಾಯಿಲೆ, ಯಾರ ಮನೆಯ ಜಗಳ? ನಿಮ್ಮದಲ್ಲವಾದರೆ ಅವರನ್ನು ಕೇಳದೆ ಬರೆಯಬೇಡಿ. ಈಗಾಗಲೇ ಬರೆದಿದ್ದರೆ ಇವತ್ತೇ ಹುಡುಕಿ ಅಳಿಸಿ, ಅವರು ಅದನ್ನು ಓದುವ ಮೊದಲು.